ಮಾದೇವಮ್ಮನ ಬಟ್ಟೆ, ನನ್ನ ನಲವತ್ತೊಂದು ಸೆಕೆಂಡು

ಜುಲೈ 6, ಶನಿವಾರ, ಬೆಳಿಗ್ಗೆ 7 ಗಂಟೆ 20 ನಿಮಿಷ. ಮೈಸೂರಿನ ಕಡೆಯಿಂದ ಬಂದ ಬಿಳಿ ಕಾರೊಂದು ನಮ್ಮ ಬೇಲಿಯ ಪಕ್ಕ ನಿಂತಿತು. ಇಳಿದ ಹೆಂಗಸು ಸೊಂಟದ ಮೇಲಿದ್ದ ಮಗುವನ್ನು ನನ್ನ ಮನೆಯೊಡತಿ ಮಾದೇವಮ್ಮನ ಕಡೆ ಚಾಚಿ, "ಮೂರು ದಿನದಿಂದ ಹಾಲೇ ಕುಡೀತಿಲ್ಲಮ್ಮ. ಹೂವಿಗೆ ಒರೆಸ್ತೀರಲ್ಲ, ಹಾಗೇ ಇವಳ ಮುಖಾನೂ ಒಂದ್ಸಲ ಒರೆಸಿಬಿಡಿ" ಎಂದಳು. ಮಾದೇವಮ್ಮ ಕೈಯಲ್ಲಿದ್ದ ಹತ್ತಿ ಬಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನನ್ನ ಕಡೆ ನೋಡಿದರು. ಸಂಜೆಯೊಳಗೆ ಅಂಥ ಒಂಬತ್ತು ವಾಹನಗಳು ಬಂದವು.

ಇದಕ್ಕೆ ಕಾರಣ ಯಾರು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಬಾಗಲಕೋಟೆ ಸೀಮೆಯ ನಮ್ಮವರು ಓದಲಿ ಎಂದೇ ಬರೆಯುತ್ತಿದ್ದೇನೆ. ಏಕೆಂದರೆ ನಿಮ್ಮಲ್ಲಿ ಬಹಳ ಜನ ಆ ವಿಡಿಯೊ ನೋಡಿದ್ದೀರಿ, ಕೆಲವರು ನನಗೆ ನಗುವ ಚಿತ್ರಗಳನ್ನೂ ಕಳಿಸಿದ್ದೀರಿ.

ನಾನು ಗುಂಡ್ಲುಪೇಟೆಗೆ ಬಂದದ್ದು ಫೆಬ್ರವರಿ 12ರಂದು. ರೈತರೇ ಸೇರಿ ಕಟ್ಟಿದ ಒಂದು ಗಾಣದ ಎಣ್ಣೆ ಕಂಪನಿಯಲ್ಲಿ ಮಾರ್ಕೆಟಿಂಗ್ ಕೆಲಸ. ಪಟ್ಟಣದಲ್ಲಿ ಹನ್ನೊಂದು ಮನೆ ನೋಡಿದೆ. ಏಳು ಕಡೆ "ಒಬ್ಬಳೇನಾ?" ಎಂದು ಕೇಳಿ ಬಾಗಿಲು ಹಾಕಿದರು. ಕೊನೆಗೆ ಬೇಗೂರಿನ ಹತ್ತಿರ, ಹೆದ್ದಾರಿಗೆ ಅಂಟಿಕೊಂಡ ಹೊಲದ ಮನೆಯಲ್ಲಿ ಮಾದೇವಮ್ಮ ಮತ್ತು ಅವರ ಗಂಡ ನಂಜಪ್ಪ ಒಂದು ಕೋಣೆ ಕೊಟ್ಟರು. ಮೊದಲ ದಿನ ನಾನು ನಮ್ಮೂರಿನ ರೂಢಿಯಂತೆ "ನೀರು ಎಲ್ಲಿ ಬರ್ತದ್ರೀ?" ಎಂದು ಕೇಳಿದೆ. ಮಾದೇವಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು.

"ರೀ ಅಂತೀಯಲ್ಲ ಕಣಮ್ಮಿ, ನಾನೇನ್ ನಿನ್ ಗಂಡನಾ? ಅಕ್ಕ ಅನ್ನು, ಸಾಕು."

ನಮ್ಮಲ್ಲಿ ಬೀದಿಯ ನಾಯಿಗೊಂದು ಬಿಟ್ಟು ಎಲ್ಲರಿಗೂ ಹಚ್ಚುವ 'ರೀ' ಇಲ್ಲಿ ಹೆಂಡತಿ ಗಂಡನನ್ನು ಕರೆಯುವ ಮಾತು. ಅದನ್ನು ನಾಲಿಗೆಯಿಂದ ಇಳಿಸಲು ಇಪ್ಪತ್ತಾರು ದಿನ ಬೇಕಾಯಿತು. ಮುದ್ದೆಯನ್ನು ಅಗಿಯದೆ ನುಂಗಲು ಹದಿಮೂರು ದಿನ. ಸೊಪ್ಪು ಬೇಳೆ ಬೇಯಿಸಿದ ನೀರು ಬಸಿದು, ಖಾರವನ್ನು ಬೇರೆಯಾಗಿ ಬಡಿಸುವ ಉಪ್ಸಾರು ಮಾತ್ರ ಮೊದಲ ಊಟಕ್ಕೇ ಹಿಡಿಸಿತು. ಮನೆಯಿಂದ ತಂದ, ಗರಿಗರಿಯಾಗಿ ಒಣಗಿಸಿದ ಜೋಳದ ಕಟಕ ರೊಟ್ಟಿಯನ್ನು ನಂಜಪ್ಪಣ್ಣ ಮುರಿದು ನೋಡಿ, "ಅಪ್ಪಳ ಚೆನ್ನಾಗದೆ ಕಣವ್ವ, ಎಣ್ಣೆಲಿ ಕರಿಯಾದು ಮರ್ತ್ಬುಟ್ಟವ್ರೆ" ಅಂದರು.

ಮಣ್ಣು ಬೇರೆ. ನಮ್ಮದು ಕಪ್ಪು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಇಲ್ಲಿನದು ಕೆಂಪು, ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ನಮ್ಮಲ್ಲಿ ಸೂರ್ಯಕಾಂತಿ ಹೊಲದ ಎದುರು ಬಸ್ಸು ಕೆಟ್ಟು ನಿಂತರೂ ಯಾರೂ ಫೋಟೊ ತೆಗೆಯುವುದಿಲ್ಲ. ಇಲ್ಲಿ ಊಟಿಗೆ, ಕೇರಳಕ್ಕೆ ಹೋಗುವವರು ಹೂವು ಕಂಡರೆ ಇಳಿದೇ ಇಳಿಯುತ್ತಾರೆ. ಆದರೆ ಹೊಲದೊಳಗಿನ ಕೆಲಸ ಒಂದೇ. ಜೇನು ಕಡಿಮೆಯಾದ ಕಡೆ ಸೂರ್ಯಕಾಂತಿಯ ಕಾಳು ತುಂಬಬೇಕಾದರೆ ಅರಳಿದ ಹೂವಿನ ಹಳದಿ ಪುಡಿಯನ್ನು ಮನುಷ್ಯರೇ ಹೂವಿನಿಂದ ಹೂವಿಗೆ ದಾಟಿಸಬೇಕು. ನಮ್ಮವ್ವ ಎರಡು ಹೂಗಳನ್ನು ಎದುರುಬದುರು ಹಿಡಿದು ತಿಕ್ಕುತ್ತಾಳೆ. ಮಾದೇವಮ್ಮ ಮೆತ್ತನೆಯ ಹಳೇ ಬಟ್ಟೆಯಿಂದ ಒಂದೊಂದೇ ಹೂವಿನ ಮುಖ ಸವರುತ್ತಾ ಹೋಗುತ್ತಾರೆ. ದಿನ ಬಿಟ್ಟು ದಿನ, ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ. ಅರಳಿ ಹತ್ತು ದಿನ ಕಳೆದರೆ ಮುಗಿಯಿತು, ಆಮೇಲೆ ಎಷ್ಟು ಸವರಿದರೂ ಕಾಳು ಕಟ್ಟುವುದಿಲ್ಲ.

ಜೂನ್ 28ರಂದು ನಾನು ಅದನ್ನು ನಲವತ್ತೊಂದು ಸೆಕೆಂಡು ಚಿತ್ರೀಕರಿಸಿ ರೀಲ್ ಹಾಕಿದೆ. ಹಿಂದೆ ಕೊಳಲಿನ ಸಂಗೀತ, ಮೇಲೆ "ಹೂವಿನ ಮುಖ ಒರೆಸುವ ನಮ್ಮ ಮಾದೇವಮ್ಮ" ಎಂಬ ಸಾಲು. ಏಕೆ ಒರೆಸುತ್ತಾರೆ ಎಂದು ಬರೆಯಲಿಲ್ಲ. ಬರೆದರೆ ಜನ ನೋಡುವುದು ಬಿಟ್ಟು ಮುಂದಕ್ಕೆ ಸರಿಸುತ್ತಾರೆ ಎಂಬುದು ನನ್ನ ಕಸುಬಿನ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿತ್ತು. ಗಂಟೆಗೊಮ್ಮೆ ನೋಡಿದವರ ಸಂಖ್ಯೆ ಬರೆದುಕೊಂಡೆ, ಹದಿನಾಲ್ಕನೇ ಗಂಟೆಗೆ ಲಕ್ಷ ದಾಟಿತು. ಎಣ್ಣೆಯ ಪ್ರಚಾರಕ್ಕೆಂದು ಅಷ್ಟರಲ್ಲಾಗಲೇ ನಾನು ಮಾಧ್ಯಮದ ಮುಂದೆ ಪಳಗಿದವಳು: ಎಫ್ಎಂ ಎರಡು, ಯೂಟ್ಯೂಬ್ ಚಾನೆಲ್ ಐದು, ಪತ್ರಿಕೆ ಮೂರು. ಟಿವಿ ಒಂದು ಬಾಕಿ ಇತ್ತು. ಚಾಮರಾಜನಗರದಲ್ಲಿ ಕಚೇರಿ ಇರುವ ಒಂದು ವಾಹಿನಿಯಿಂದ ಕರೆ ಬಂದಾಗ ಮಾದೇವಮ್ಮನನ್ನು ಕೇಳದೆಯೇ ಒಪ್ಪಿಕೊಂಡೆ.

ಜುಲೈ 3ರಂದು ಅವರು ಬಂದದ್ದು ಸಂಜೆ ನಾಲ್ಕಕ್ಕೆ. ಬೆಳಕು ಆಗ ಚೆನ್ನಾಗಿರುತ್ತದಂತೆ. "ಈ ಒತ್ನಲ್ಲಿ ಒರೆಸಿದ್ರೆ ಏನೂ ಪ್ರಯೋಜ್ನ ಇಲ್ಲ ಕಣಪ್ಪ" ಎಂದು ಮಾದೇವಮ್ಮ ಹೇಳಿದರು. "ಸುಮ್ಮನೆ ತೋರಿಸಿ ಅಮ್ಮ" ಎಂದರು. ಒಂದೇ ಹೂವನ್ನು ಇಪ್ಪತ್ತೆರಡು ಸಲ ಸವರಿಸಿದರು. ನಾನು ಪಕ್ಕದಲ್ಲಿ ನಿಂತು ಏಕೆ, ಹೇಗೆ, ಯಾವ ಹೊತ್ತಿನಲ್ಲಿ ಎಂದು ನಾಲ್ಕು ನಿಮಿಷ ವಿವರಿಸಿದೆ. ಎರಡು ದಿನದ ನಂತರ ಪ್ರಸಾರವಾದಾಗ ಶೀರ್ಷಿಕೆ: "ಹೂವಿನ ದೃಷ್ಟಿ ತೆಗೆಯುವ ಪವಾಡದ ಅಜ್ಜಿ!" ನನ್ನ ನಾಲ್ಕು ನಿಮಿಷದಲ್ಲಿ ಒಂದು ಮಾತೂ ಇರಲಿಲ್ಲ. ಕೆಳಗೊಂದು ಅಕ್ಷರಪಟ್ಟಿಯೊಂದಿಗೆ ನನ್ನ ನಗುಮುಖ ಮಾತ್ರ ಮೂರು ಸೆಕೆಂಡು ಇತ್ತು, ಎಲ್ಲಕ್ಕೂ ಒಪ್ಪಿಗೆ ಕೊಟ್ಟವಳ ಹಾಗೆ.

ಮಾದೇವಮ್ಮನಿಗೆ ನಲವತ್ತಾರು. ಬೆಳಗಾದರೆ ಇಷ್ಟಲಿಂಗ ಪೂಜೆ ಮಾಡದೆ ಬಾಯಿಗೆ ನೀರು ಹಾಕದವರು.

"ಮಾಟ ಮಾಡೋಳಂಗೆ ತೋರ್ಸವ್ರಲ್ಲವ್ವ. ನಾಳೆ ಯಾರ್ದಾರ ಮಗೀಗೆ ಉಷಾರು ತಪ್ಪುದ್ರೆ ಇವಳೇ ಏನೋ ಮಾಡುದ್ಲು ಅನ್ನಕಿಲ್ವಾ? ನಾನು ಒಲಕ್ಕೆ ಓಗಕಿಲ್ಲ."

ಹೇಳಿದಂತೆ ಹೋಗಲಿಲ್ಲ. ಜುಲೈ 6, 7, 8. ಹಿಂದುಮುಂದಾಗಿ ಬಿತ್ತಿದ ಹೊಲದಲ್ಲಿ ತಡವಾಗಿ ಬಿತ್ತಿದ ಅರ್ಧ ಆಗಷ್ಟೇ ಪೂರ್ತಿ ಅರಳಿತ್ತು. ನಾನು ಬಟ್ಟೆ ತೆಗೆದುಕೊಂಡು ಹೊರಟರೆ, "ನೀನು ಒಲಕ್ಕೆ ಓದ್ರೂ ಅದ್ನೂ ಫೋನಲ್ಲಿ ಇಡ್ಕತಾರೆ, ಕೂತ್ಕ" ಎಂದು ತಡೆದರು. ಟೀ ಅಂಗಡಿಯಲ್ಲಿ ನಂಜಪ್ಪಣ್ಣನಿಗೆ ಒಬ್ಬ, "ಏನ್ಲಾ ನಂಜಪ್ಪ, ನಿನ್ ಎಂಡ್ರು ಕೈಲಿ ನನ್ ಟ್ರಾಕ್ಟ್ರು ಮುಖಾನೂ ಒಂದ್ ಕಿತ ಒರೆಸ್ಬುಡ್ಲಾ, ದಿನಾ ಕೆಟ್ಟು ನಿಂತ್ಕತದೆ" ಎಂದ. ನಂಜಪ್ಪಣ್ಣ ಟೀ ಅರ್ಧಕ್ಕೇ ಇಟ್ಟು ಬಂದರು.

ನಮ್ಮ ಮ್ಯಾನೇಜರ್ ಮಾತ್ರ ಖುಷಿಯಾಗಿದ್ದರು. "ಸುಮ್ನಿರಮ್ಮ, ದುಡ್ಡು ಕೊಟ್ರೂ ಇಷ್ಟು ಪ್ರಚಾರ ಸಿಗಲ್ಲ. ಬಾಟಲಿ ಮೇಲೆ 'ದೃಷ್ಟಿ ತೆಗೆದ ಹೂವಿನ ಎಣ್ಣೆ' ಅಂತ ಹಾಕಿದ್ರೆ ಹೆಂಗಿರುತ್ತೆ?" ಹಾಕುವುದಾದರೆ ನನ್ನ ರಾಜೀನಾಮೆಯನ್ನೂ ಅದರ ಮೇಲೇ ಅಂಟಿಸಿ ಎಂದೆ. ಅವರು ಅದನ್ನೂ ತಮಾಷೆ ಎಂದುಕೊಂಡರು.

ಜುಲೈ 8ರಂದು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ವರದಿಗಾರ ಕಾಫಿ ತರಿಸಿದರು. ತಿದ್ದುಪಡಿ ಹಾಕಿ, ಇಲ್ಲವೇ ನಾನು ಮಾತಾಡಿದ ನಾಲ್ಕು ನಿಮಿಷವನ್ನು ಕೊಡಿ ಎಂದೆ.

"ಅದು ಅಳಿಸಾಯ್ತು ಮೇಡಂ. ನಿಮ್ಮ ರೀಲಲ್ಲೂ ವಿವರಣೆ ಇರ್ಲಿಲ್ವಲ್ಲ? ನೀವು ಕೊಟ್ಟಿದ್ದನ್ನೇ ನಾವು ಸ್ವಲ್ಪ ಉದ್ದ ಮಾಡಿದ್ವಿ."

ವಿವರಣೆ ಇರಲಿಲ್ಲ, ಅದು ನಿಜ. ಆದರೆ ನನ್ನದು ಅರ್ಧ ತಪ್ಪಾಗಿದ್ದರೆ ಅವರದು ಪೂರ್ತಿ ಸುಳ್ಳು. ನಾನು ಮುಚ್ಚಿಟ್ಟೆ, ಅವರು ಕಟ್ಟಿದರು. ಆಮೇಲೆ ಅವರು ಗುರುವಾರ ನೇರಪ್ರಸಾರಕ್ಕೆ ಕರೆದರು. ಒಂದು ಕಡೆ ಜ್ಯೋತಿಷಿ, ಇನ್ನೊಂದು ಕಡೆ ನಾನು, ವಿಷಯ "ನಂಬಿಕೆಯೋ ವಿಜ್ಞಾನವೋ". ನಾನು ಸುಮಾರು ಎರಡು ನಿಮಿಷ ಯೋಚಿಸಿದೆ. ಯಾವ ಬಣ್ಣದ ಸೀರೆ ಎಂಬುದೂ ಆ ಎರಡು ನಿಮಿಷದಲ್ಲಿ ಬಂದುಹೋಯಿತು. ಬೇಡ ಎಂದು ಎದ್ದೆ. ವಾಪಸು ಬರುವಾಗ ಬಸ್ಸಿನಲ್ಲೇ ನನ್ನ ರೀಲ್ ಅಳಿಸಿದೆ. ಅದರ ಪ್ರತಿಗಳು ಆಗಲೇ ಬೇರೆಯವರ ಪುಟಗಳಲ್ಲಿ ಹದಿನೇಳು ಇದ್ದವು.

ಜುಲೈ 11ರ ಸಂಜೆ ಅವ್ವ ಫೋನ್ ಮಾಡಿದಳು. ಯಾರೋ ಅವಳ ಮೊಬೈಲಿಗೂ ವಿಡಿಯೊ ಕಳಿಸಿದ್ದರು.

"ಮಗಳು ಟಿವ್ಯಾಗ ಬಂದಾಳಂತ ಓಣಿ ಮಂದೀನೆಲ್ಲ ಕರದು ಕೂಡ್ರಿಸಿ ತೋರಿಸಿದ್ನಿ. ನಾನೂ ಹೂವು ತಿಕ್ಕತೀನಲ್ಲ, ಹಂಗಾರ ನಾನೂ ದೃಷ್ಟಿ ತಗಿಯಾಕಿ ಏನ? ಬಾಜೂಕ ನಿಂತು ನೀ ನಗಾಕತ್ತಿದ್ದಿ."

ಫೋನು ಸ್ಪೀಕರಿನಲ್ಲಿತ್ತು. ಸೊಪ್ಪು ಬಿಡಿಸುತ್ತಿದ್ದ ಮಾದೇವಮ್ಮ ತಲೆಯೆತ್ತಿದರು.

"ನಿಮ್ಮವ್ವಾರೂ ಒರೆಸ್ತಾರಾ? ಬಟ್ಟೇಲಾ?"

"ಇಲ್ಲಕ್ಕ, ಹೂವಿಗೆ ಹೂವು ತಿಕ್ಕುತ್ತಾಳೆ."

"ಅಯ್ಯೋ, ಕುತ್ಗೆ ಮುರ್ದೋಗಕಿಲ್ವಾ? ಕೊಡಿಲ್ಲಿ ಫೋನ."

ಆಮೇಲೆ ಇಪ್ಪತ್ತಮೂರು ನಿಮಿಷ ಇಬ್ಬರೂ ಮಾತಾಡಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯದು. ಕುತ್ತಿಗೆ ಮುರಿಯದಂತೆ ಹೇಗೆ ಹಿಡಿಯಬೇಕು, ಬಟ್ಟೆಗೆ ಹತ್ತಿದ ಪುಡಿ ಎಷ್ಟು ಹೂವಿಗೆ ಬರುತ್ತದೆ, ಮೋಡ ಕವಿದ ದಿನ ಏನು ಮಾಡುವುದು. ಕೊನೆಗೆ ಅವ್ವ, "ಮಂದಿ ಮಾತಿಗೆ ಹೊಲಾ ಬಿಡ್ತಾರೇನ್ರೀ?" ಅಂದಳು. ಈ ಸಲದ 'ರೀ'ಗೆ ಮಾದೇವಮ್ಮ ನಗಲಿಲ್ಲ.

ಮರುದಿನ ಎಂಟಕ್ಕೆ ಅವರು ಹೊಲಕ್ಕಿಳಿದರು. ಬೇಲಿಯ ಹತ್ತಿರ ಎರಡು ಕಾರು ನಿಂತಿದ್ದವು, ತಿರುಗಿ ನೋಡಲಿಲ್ಲ. ನಾನೂ ಸವರಿದೆ, ಮಾದೇವಮ್ಮ ಮೂವತ್ತೊಂದು ಸಾಲು, ನಾನು ಹನ್ನೆರಡು. ಜುಲೈ 13ರಂದು ಅವರೇ, "ಇಡ್ಕ ನಿನ್ ಫೋನ" ಎಂದು ಕರೆದು ಮಾತಾಡಿದರು: "ಜೇನು ಬಂದಿದ್ರೆ ನಂಗೆ ಈ ಕೆಲ್ಸ ಯಾಕೆ? ಜೇನು ಕಮ್ಮಿ ಆಗದೆ, ಅದ್ಕೆ ನಾವೇ ಜೇನು ಆಗಿದೀವಿ. ಇದ್ರಲ್ಲಿ ದೃಷ್ಟಿನೂ ಇಲ್ಲ, ಮಣ್ಣೂ ಇಲ್ಲ." ಒಂದು ನಿಮಿಷ ಐವತ್ತು ಸೆಕೆಂಡು. ಸಂಗೀತ ಹಾಕಲಿಲ್ಲ.

ಆಗಸ್ಟಿನಲ್ಲಿ ಕೊಯ್ಲಾಯಿತು. ಮೊದಲು ಅರಳಿದ ಸಾಲುಗಳಿಂದ ಹತ್ತು ತೆನೆ ಆರಿಸಿ ಒಡೆದೆ, ಒಂದರಲ್ಲಿ ಮಾತ್ರ ಜೊಳ್ಳು. ಆ ಆರು ದಿನ ಕೈಬಿಟ್ಟ ಸಾಲುಗಳಿಂದ ಹತ್ತು ಒಡೆದೆ, ಆರರ ನಡುಭಾಗ ಪೂರ್ತಿ ಜೊಳ್ಳು. ಬೆರಳಿಟ್ಟರೆ ಹೊಟ್ಟಿನಂತೆ ಪುಡಿಯಾಗುತ್ತದೆ.

ಈಗ ಸೆಪ್ಟೆಂಬರ್. ಮಾದೇವಮ್ಮನ ಮಾತನ್ನು ನೋಡಿದವರು ಆರುನೂರ ಹನ್ನೆರಡು ಜನ. ವಾಹಿನಿಯ ಸುಳ್ಳು ಎಂಟು ಲಕ್ಷ ದಾಟಿ ಹಾಗೆಯೇ ಕೂತಿದೆ. ನಾನು ಕಳಿಸಿದ ಮೂರು ಪತ್ರಗಳಿಗೆ ಉತ್ತರವಿಲ್ಲ. ಆ ವಿಡಿಯೊದ ಪಟ್ಟಿಯಲ್ಲಿ ನಾನು "ಗುಂಡ್ಲುಪೇಟೆ ಯುವತಿ". ಇಲ್ಲಿ ಟೀ ಅಂಗಡಿಯವರಿಗೆ ನಾನು ಊರಿನ ಹೆಣ್ಣುಮಗಳ ಮಾನ ಟಿವಿಗೆ ಕೊಟ್ಟ "ಆ ಕಡೆ ಹುಡುಗಿ". ನಮ್ಮ ಓಣಿಯಲ್ಲಿ ಈಗ ನನ್ನನ್ನು ಏನೆಂದು ಕರೆಯುತ್ತಾರೋ ಅವ್ವ ಹೇಳುತ್ತಿಲ್ಲ. ದಸರೆಗೆ ಊರಿಗೆ ಬರಬೇಕೋ ಬೇಡವೋ ಎಂದು ಎರಡು ಸಲ ಟಿಕೆಟ್ ಮಾಡಿಸಿ ಎರಡೂ ಸಲ ರದ್ದು ಮಾಡಿದ್ದೇನೆ.

ವಾರಕ್ಕೆ ನಾಲ್ಕೈದು ವಾಹನ ಈಗಲೂ ಬರುತ್ತವೆ. ಮೊನ್ನೆ ಒಂದನ್ನು ಕಳಿಸಿ ಬಂದ ಮಾದೇವಮ್ಮ ಕಾಲು ತೊಳೆಯುತ್ತಾ ಹೇಳಿದರು: "ಮುಂದ್ಲ ಸಲ ಸೂರ್ಯಕಾಂತಿ ಆಕಕಿಲ್ಲ ಕಣಮ್ಮಿ, ಈರುಳ್ಳಿ ಆಕ್ಬುಡ್ತೀನಿ. ಈರುಳ್ಳಿ ಮುಖ ಒರೆಸು ಅಂತ ಯಾರೂ ಬರಕಿಲ್ಲ."

ಆದ್ದರಿಂದ ಕೇಳುತ್ತಿದ್ದೇನೆ. ಪ್ರಸಾರವಾದ ಸುಳ್ಳನ್ನು ತೆಗೆಸಿದವರು, ತಿದ್ದುಪಡಿ ಹಾಕಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಯಾರಿಗೆ ಬರೆದಿರಿ, ಎಷ್ಟು ಸಲ ಬರೆದಿರಿ, ಯಾವ ಕಾಗದ ಜೊತೆಗಿಟ್ಟಿರಿ ಎಂಬುದನ್ನು ತಿಳಿಸಿ. ಇಲ್ಲಿ ಸೂರ್ಯಕಾಂತಿ ಬಿತ್ತುವುದು ಮೇ ತಿಂಗಳಲ್ಲಿ. ಅಷ್ಟರೊಳಗೆ ಬರೆಯಿರಿ.