ಬಾಗಿಲ ಹಿಂದೆ ಯಾರೆಂದು ನಾನು ಹೇಳಲಿಲ್ಲ

2023ರ ಮಳೆಗಾಲ. ಆಗ ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ಆಪ್ತ ಸಮಾಲೋಚಕಿ. ಯಾವ ತಾಲ್ಲೂಕು ಎಂದು ಕೇಳಬೇಡಿ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು, ನಾಲ್ಕರ ನೀರನ್ನೂ ಕುಡಿದವಳು ನಾನು. ಊರಿನ ಹೆಸರು ಹೇಳಿದರೆ ಮನೆ ಹುಡುಕಿಬಿಡುತ್ತೀರಿ, ನಮ್ಮ ಕಡೆಯ ಜನ ಅಂಥವರೇ!

ಕೌನ್ಸೆಲಿಂಗ್ ಎಂದರೆ ಉಪದೇಶವಲ್ಲ, ಕೂತು ಕೇಳುವುದು. ಹತ್ತರಿಂದ ಹತ್ತೊಂಬತ್ತು ವರ್ಷದವರು ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ಮಾತಾಡುವುದಕ್ಕೆ ಅಪ್ಪ ಅವ್ವ ಜೊತೆಗೆ ಬರಬೇಕೆಂದೂ ಇಲ್ಲ. ಹೇಳಿದ ಮಾತು ಕೋಣೆ ದಾಟುವುದಿಲ್ಲ. ಜೀವಕ್ಕೆ ಅಪಾಯವಿದ್ದರೆ, ಯಾರಾದರೂ ಮಗುವಿಗೆ ಕೇಡು ಮಾಡುತ್ತಿದ್ದರೆ ಮಾತ್ರ ನಾನು ಸುಮ್ಮನಿರುವಂತಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಔಷಧ ಬೇಕಾದರೆ ಮನೆಯವರಿಗೆ ತಿಳಿಸಬೇಕಾಗುತ್ತದೆ, ಆದರೆ ಮಗುವಿಗೆ ಹೇಳದೆ ಅಲ್ಲ. ಇದನ್ನೆಲ್ಲ ಕಾಲೇಜು ಕಾಲೇಜಿಗೆ ಹೋಗಿ ಗಂಟಲು ಹರಿಯುವಂತೆ ಹೇಳಿ ಬಂದಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಒಬ್ಬರೂ ಬರಲಿಲ್ಲ.

ಕೊನೆಗೊಬ್ಬಳು ಬಂದಳು. ರೇಣುಕಾ ಎನ್ನೋಣ, ನಿಜವಾದ ಹೆಸರಲ್ಲ. ಪಿಯುಸಿ ಮೊದಲ ವರ್ಷ, ವಿಜ್ಞಾನ.

“ಹಾಜರಿ ಕೂಗೂ ಮುಂದ ಎದಿ ಡಬಡಬ ಹೊಡ್ಕೊಳ್ಳಾಕತ್ತೈತ್ರಿ ಅಕ್ಕಾರ. ಉಸಿರ ಸಿಗೂದಿಲ್ಲ. ಈಗ ಸಾಯ್ತೇನಿ ಅನಸ್ತೈತಿ. ಮನ್ಯಾಗ ಗೊತ್ತಾದ್ರ ಕಾಲೇಜ ಬಿಡಸ್ತಾರ್ರಿ” ಎಂದಳು.

ವೈದ್ಯರು ಪರೀಕ್ಷಿಸಿದರು, ಹೃದಯ ಗಟ್ಟಿಮುಟ್ಟಾಗಿತ್ತು. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತೇವೆ, ಅಪಾಯವಿಲ್ಲದ ಕಡೆಯೂ ದೇಹ ಹುಲಿ ಕಂಡಂತೆ ಹೆದರುವುದು. ಉಸಿರು ನಿಧಾನ ಮಾಡುವುದನ್ನು ಕಲಿಸಿದೆ, ಮುಂದಿನ ವಾರ ಬಾ ಎಂದೆ.

ಎಡವಟ್ಟಾದದ್ದು ಚೀಟಿ ಮಾಡಿಸುವ ಕಿಟಕಿಯಲ್ಲಿ. ನಮ್ಮ ಕಡೆ ಎದುರಾದ ಮಗುವನ್ನು “ಯಾವೂರವಾ, ಯಾರ ಮಗಳು?” ಎಂದು ಕೇಳದಿದ್ದರೆ ಅದು ಅಸಡ್ಡೆ. ಗುಮಾಸ್ತರು ಅಕ್ಕರೆಯಿಂದಲೇ ಕೇಳಿದ್ದರು. ಅದೇ ಅಕ್ಕರೆಯಿಂದ ಚಹಾದಂಗಡಿಯಲ್ಲಿ ಅವಳ ಕಾಕಾನನ್ನು ವಿಚಾರಿಸಿದರು: “ನಿಮ್ಮಣ್ಣನ ಮಗಳಿಗೆ ಆರಾಮಿಲ್ಲೇನ್ರಿ?”

ಮುಗಿಯಿತು ಕಥೆ! ಯಾವ ಕೋಣೆಗೆ, ಮತ್ತೆ ಎಂದು ಬರುತ್ತಾಳೆ ಎಂಬುದೂ ಅಲ್ಲೇ ಹೊರಬಿತ್ತು. ಮುಂದಿನ ವಾರ ರೇಣುಕಾ ನನ್ನೆದುರು ಕೂತು ಉಸಿರಾಟದ ಅಭ್ಯಾಸ ಮಾಡುತ್ತಿದ್ದಾಳೆ, ಹೊರಗೆ ಗುಡುಗಿನಂಥ ಗಂಡಸಿನ ಕೂಗು. ದನಿ ಕೇಳಿದ್ದೇ ಹುಡುಗಿಯ ಮುಖ ಬಿಳುಚಿತು. “ನಮ್ಮ ಕಾಕಾ.”

ನಾನು ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಅದಕ್ಕೇ ಬೆನ್ನು ಕೊಟ್ಟು ನಿಂತೆ. ನನ್ನ ಎದೆಯೂ ಡಬಡಬ ಎನ್ನುತ್ತಿತ್ತು, ಸುಳ್ಳೇಕೆ ಹೇಳಲಿ. ಕಾಕಾ ಬಂದರೆ ಊರಲ್ಲಿ ಕೂತವರು ಎದ್ದು ನಿಲ್ಲುತ್ತಾರೆ, ಅಂಥ ಆಳು.

“ನಮ್ಮ ಹುಡುಗಿ ಇಲ್ಲಿ ಬಂದಾಳೇನ್ರಿ?”

“ಬಂದಾರೋ ಇಲ್ಲೋ, ಅದನ್ನೂ ನಾ ಹೇಳಂಗಿಲ್ರಿ.”

“ನಾ ಅಕೀ ಕಾಕಾ ಅದೇನಿ! ಸರಕಾರಿ ದವಾಖಾನ್ಯಾಗ ಎಂಥಾ ಗುಟ್ಟ್ರಿ?”

“ನಾಳೆ ನೀವು ಬಂದ್ರೂ ನಿಮ್ಮ ಗುಟ್ಟು ಹಿಂಗ ಕಾಯ್ತೇನ್ರಿ. ದೂರು ಕೊಡೂದಿದ್ರ ಕೊಡ್ರಿ, ನನ್ನ ಹೆಸರು ಬಾಗಿಲ ಮ್ಯಾಲ ಐತಿ.”

ಕಾಕಾ ದೂರು ಬರೆಯಲು ಹೋಗಲಿಲ್ಲ. ಎದುರಿನ ಬೆಂಚಿನ ಮೇಲೆ ಗಟ್ಟಿಯಾಗಿ ಕೂತರು. “ಹೊರಗ ಬರ್ಲೇಬೇಕಲ್ಲ, ನೋಡ್ತೇನಿ.”

ಕೋಣೆಗಿರುವುದು ಒಂದೇ ಬಾಗಿಲು. ಹುಡುಗಿ ಹೊರಬಂದರೆ ನಾಳೆಯಿಂದ ಕಾಲೇಜು ಬಂದ್.

ಪುಣ್ಯಕ್ಕೆ ಅಂದು ಅವಳ ಕಾಲೇಜಿನದೇ ಹುಡುಗಿಯರ ದಂಡು ರಕ್ತದ ಗುಂಪು ಪರೀಕ್ಷೆಗೆ ಬಂದು ಸಾಲಿನಲ್ಲಿತ್ತು. ಎಲ್ಲರಿಗೂ ರೇಣುಕಾ ತೊಟ್ಟಿದ್ದ ಯುನಿಫಾರ್ಮೇ, ಆಸ್ಪತ್ರೆಯೆಂದು ಎಲ್ಲರ ಮುಖಕ್ಕೂ ಮಾಸ್ಕ್. ನಮ್ಮ ಜಗಳವನ್ನು ಪೂರ್ತಿ ಕೇಳಿಸಿಕೊಂಡಿದ್ದರು. ಅವರಲ್ಲೊಬ್ಬಳು, ಎರಡು ಜಡೆಯ ಗಟ್ಟಿಗಿತ್ತಿ, ಸಾಲು ಬಿಟ್ಟು ಬಂದಳು.

“ಅಕ್ಕಾರ, ನಮಗೂ ನಿಮ್ಮ ಕೂಡ ಮಾತಾಡೂದೈತ್ರಿ. ಒಳಗ ಬರೂಣೇನ್ರಿ, ಎಲ್ಲಾರೂ?”

ಅವಳ ಕಣ್ಣು ನೋಡಿದೆ. ಅರ್ಥವಾಯಿತು. “ಬರ್ರಿವಾ” ಎಂದೆ.

ಅಷ್ಟೂ ಮಂದಿ ಆ ಪುಟ್ಟ ಕೋಣೆಗೆ ನುಗ್ಗಿದರು. ಒಳಗಿದ್ದವಳಿಗೆ “ನೀ ಯಾಕ ಬಂದಿದ್ದಿ?” ಎಂದು ಒಬ್ಬಳಾದರೂ ಕೇಳಬೇಕಲ್ಲ? ಇಲ್ಲ! ಒಬ್ಬಳು ತನ್ನ ಚೀಲದಿಂದ ಮಾಸ್ಕ್ ತೆಗೆದು ಕೊಟ್ಟಳು, ಇನ್ನೊಬ್ಬಳು ಕೈ ಹಿಡಿದಳು. ಸ್ವಲ್ಪ ಹೊತ್ತಿಗೆ ಇಡೀ ದಂಡು ಕಲಕಲ ಎನ್ನುತ್ತ ಒಟ್ಟಿಗೇ ಹೊರಬಿತ್ತು. ಕಾಕಾ ಎದ್ದು ನಿಂತು ಒಂದೊಂದು ಮುಖವನ್ನೂ ನೋಡಿದರು. ಎಲ್ಲರೂ ತಲೆ ತಗ್ಗಿಸಿಕೊಂಡು ಮುಸಿಮುಸಿ ನಗುತ್ತಿದ್ದರು. ದಂಡು ಗೇಟು ದಾಟಿತು. ಅವರು ಖಾಲಿ ಕೋಣೆಯೊಳಗೆ ಇಣುಕಿ, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಹೊರಟುಹೋದರು. ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದೆ. ಆಗ ನನಗೆ ಐವತ್ತು ದಾಟಿತ್ತು, ಆದರೂ ಕುಣಿದೆ.

ಗೆಳತಿಯರು ಕೈ ಹಿಡಿದ ಧೈರ್ಯಕ್ಕೋ ಏನೋ, ಅಂದು ಸಂಜೆಯೇ ರೇಣುಕಾ ತಾನಾಗಿ ಅವ್ವನಿಗೆ ಎಲ್ಲವನ್ನೂ ಹೇಳಿದಳು. ಅವ್ವ ಮರುವಾರ ಜೊತೆಗೇ ಬಂದರು. “ಇಷ್ಟ ಹೌದಿಲ್ರಿ? ಕಾಲೇಜ ಬಿಡಸಾಕ ಯಾರ್ ಬರ್ತಾರ, ನಾ ನೋಡ್ತೇನಿ” ಎಂದರು. ಔಷಧದ ಅಗತ್ಯ ಬೀಳಲಿಲ್ಲ. ಚಳಿಗಾಲದ ಹೊತ್ತಿಗೆ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುತ್ತಿದ್ದಳು. ಚೀಟಿಯ ಕಿಟಕಿಯಲ್ಲಿ ನನ್ನ ಕೋಣೆಗೆ ಬರುವ ಮಕ್ಕಳಿಗೆ ಹೆಸರು, ವಯಸ್ಸು ಬಿಟ್ಟು ಬೇರೇನೂ ಕೇಳಬಾರದೆಂದಾಯಿತು. ಗುಮಾಸ್ತರು ಬಹಳ ಕಷ್ಟಪಟ್ಟು ರೂಢಿಸಿಕೊಂಡರು, ಪಾಪ.

ಆಮೇಲೆ ನನ್ನ ಬೆಂಚು ಖಾಲಿ ಉಳಿಯಲಿಲ್ಲ. ಮೊದಲು ಬಂದವಳು ಆ ಎರಡು ಜಡೆಯವಳೇ. “ಅವತ್ತ ನಾ ಸುಳ್ಳ ಹೇಳಿರ್ಲಿಲ್ರಿ ಅಕ್ಕಾರ. ನನಗ ಖರೇನ ಮಾತಾಡೂದಿತ್ತು” ಎಂದಳು. ಏನು ಮಾತಾಡಿದಳೆಂದು ನಾನು ಬರೆಯುವುದಿಲ್ಲ.

ಗುಟ್ಟು ಕಾಯುವುದು ನಾನು ಮಕ್ಕಳಿಗೆ ಕೊಡುವ ಸೌಲಭ್ಯ ಎಂದುಕೊಂಡಿದ್ದೆ. ಅಷ್ಟು ಮಂದಿ ಹುಡುಗಿಯರು ಅಂದು ಒಂದು ಗುಟ್ಟನ್ನು ನಡುವೆ ಇಟ್ಟುಕೊಂಡು ಗೇಟು ದಾಟಿದರು. ಮೊನ್ನೆ ಈ ಬರಹವನ್ನು ರೇಣುಕಾಳಿಗೆ ಓದಿ ಹೇಳಿ ಒಪ್ಪಿಗೆ ಕೇಳಿದೆ. ಈಗ ಅವಳು ಡಿಗ್ರಿಯಲ್ಲಿದ್ದಾಳೆ.

“ಹಾಕ್ರಿ ಅಕ್ಕಾರ. ಆ ದಂಡಿನ್ಯಾಗ ನಾನೂ ಇದ್ದೆ ಅಂತ ಕಾಕಾಗ ಇನ್ನೂ ಯಾರೂ ಹೇಳಿಲ್ಲ” ಎಂದಳು.