ಊರು ಕೇಳುವ ಪುಟ

ತೊಂಬತ್ತರ ದಶಕದ ಕೊನೆಯಲ್ಲಿ ಚಾಮರಾಜನಗರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ವೆಬ್‌ಸೈಟ್ ಮಾಡುವುದನ್ನು ಪುಸ್ತಕ ನೋಡಿ ಕಲಿತಿದ್ದೆ. ಕಲಿತದ್ದಕ್ಕಿಂತ ಜಂಬವೇ ಜಾಸ್ತಿ ಇತ್ತು.

ನಾನು ಮಾಡಿದ ಮೊದಲ ವೆಬ್‌ಸೈಟ್ ತೆರಕಣಾಂಬಿಯ ದೊಡ್ಡಪ್ಪನದು. ಬಿತ್ತನೆ ಅರಿಶಿನವನ್ನು ಕೊಳೆಯದಂತೆ ಕಾಪಾಡುವುದರಲ್ಲಿ ಅವರದು ಎತ್ತಿದ ಕೈ. ಮರದ ನೆರಳು, ಮರಳು, ಒಣಗಿದ ಅರಿಶಿನದ ಎಲೆಯ ಹೊದಿಕೆ, ಯಾವಾಗ ಕೆದಕಿ ನೋಡಬೇಕು, ಎಲ್ಲ ಬಾಯಿಪಾಠ. ಮನೆಯಲ್ಲಿ ಮಾತ್ರ ಯಾರೂ ಕಿವಿಗೊಡುತ್ತಿರಲಿಲ್ಲ. ಯಾರಾದರೂ ಒಬ್ಬರು ಬಂದು ಕೇಳಲಿ ಎಂಬುದೊಂದೇ ಅವರ ಆಸೆ. ಅವರು ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸಿದೆ. ಆಗ ಕನ್ನಡದ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ.

ದೊಡ್ಡಪ್ಪನದು ಒಂದೇ ಷರತ್ತು. ನಮ್ಮ ಕಡೆ ಹೊಸಬರು ಬಂದರೆ ಜಗುಲಿಯಲ್ಲಿ ಕೂರಿಸಿ, ನೀರು ಕೊಟ್ಟು, ಯಾವೂರು ಅಂತ ಕೇಳಿದ ಮೇಲೆಯೇ ಒಳಕ್ಕೆ ಕರೆಯುವುದು. ವೆಬ್‌ಸೈಟಿಗೆ ಬಂದವರನ್ನೂ ಹಾಗೇ ಕೇಳಬೇಕು.

"ಊರು ಕೇಳ್ದೆ ಒಳಕ್ಕೆ ಬುಟ್ಕಂಡ್ರೆ ಅದು ಮನೆಯಲ್ಲ ಕಣಮ್ಮಿ, ಬಸ್‌ಸ್ಟ್ಯಾಂಡು!"

ನನಗೂ ಅದು ಚೆಂದ ಕಂಡಿತು. ಮೊದಲ ಪುಟದಲ್ಲಿ ನಮ್ಮೂರಿನ ಹೆಸರು, ನೀರಿನ ಚೊಂಬಿನ ಚಿತ್ರ, ಕೆಳಗೆ ನಿಮ್ಮದು ಯಾವೂರು ಎಂಬ ಪ್ರಶ್ನೆ, ಒಂದು ಖಾಲಿ ಚೌಕ. ಅದರಲ್ಲಿ ಊರು ಬರೆದು ಗುಂಡಿ ಒತ್ತಿದರೆ ಮಾತ್ರ ಅರಿಶಿನದ ಪುಟ ತೆರೆಯುತ್ತಿತ್ತು. ಸರ್ಚ್ ಇಂಜಿನ್ನಿಗೂ ವಿಳಾಸ ಕೊಟ್ಟೆ.

ವಾರವಾರವೂ ದೊಡ್ಡಪ್ಪ ಬಸ್ಸು ಹತ್ತಿ ಬಂದು ನನ್ನ ಪಕ್ಕ ಕೂರುತ್ತಿದ್ದರು. ತೆರಕಣಾಂಬಿ ಎಂದು ಹುಡುಕಿದರೆ ಚೊಂಬಿನ ಪುಟ ಬರುತ್ತಿತ್ತು. ಅರಿಶಿನ ಎಂದು ಹುಡುಕಿದರೆ ನಮ್ಮದರ ಸುಳಿವೇ ಇಲ್ಲ.

"ಇವತ್ತೂ ಬರ್ನಿಲ್ವಾ?" ಎಂದು ಪೆಚ್ಚುಮೋರೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ನನಗೆ ಸಿಟ್ಟು, ಸರ್ಚ್ ಇಂಜಿನ್ನಿನ ಮೇಲೆ, ಫೋನ್ ಲೈನಿನ ಮೇಲೆ, ಸುಮ್ಮಸುಮ್ಮನೆ ಕರೆಂಟಿನ ಮೇಲೂ.

ಕೊನೆಗೊಂದು ದಿನ ಸರ್ಚ್ ಇಂಜಿನ್ನಿನವರು ಬರೆದಿಟ್ಟ ಸೂಚನೆಗಳನ್ನು ನೆಟ್ಟಗೆ ಓದಿದೆ. ಪುಟಗಳನ್ನು ನೋಡಲು ಬರುವುದು ಮನುಷ್ಯರಲ್ಲ, ಒಂದು ಪ್ರೋಗ್ರಾಮು. ಅದು ಒಂದು ಪುಟದ ಲಿಂಕ್ ಹಿಡಿದು ಇನ್ನೊಂದಕ್ಕೆ ಹೋಗುತ್ತದೆ, ಓದಿದ್ದನ್ನು ಪಟ್ಟಿಗೆ ಸೇರಿಸುತ್ತದೆ. ಪ್ರಶ್ನೆಗೆ ಉತ್ತರ ಬರೆಯಲು, ಗುಂಡಿ ಒತ್ತಲು ಅದಕ್ಕೆ ಬರುವುದಿಲ್ಲ. ಪಾಪ, ಎಷ್ಟು ಸಲ ನಮ್ಮ ಜಗುಲಿಯವರೆಗೆ ಬಂದು ಊರು ಹೇಳಲಾಗದೆ ವಾಪಸ್ಸು ಹೋಗಿತ್ತೋ. ಪಾಠ ಹೇಳುವವಳಿಗೇ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಊರು ಕೇಳುವುದನ್ನು ತೆಗೆಯಲು ದೊಡ್ಡಪ್ಪ ಸುತರಾಂ ಒಪ್ಪಲಿಲ್ಲ. ಎಲೆಯಡಿಕೆ ಜಗಿಯುತ್ತ ಯೋಚಿಸಿದರು.

"ಆ ಬಾಗ್ಲು ಅಂಗೇ ಇರ್ಲಿ. ಇತ್ಲ ಬಾಗ್ಲು ಒಂದ ತೆಗ್ದುಬುಡು. ಅಲ್ಲಿ ಯಾರೂ ಊರು ಕೇಳಲ್ಲ."

ಮೊದಲ ಪುಟದ ತಳದಲ್ಲಿ ಅರಿಶಿನದ ಪುಟಕ್ಕೆ ನೇರವಾದ ಒಂದು ಲಿಂಕ್ ಹಾಕಿ, ಹಿತ್ತಲ ಬಾಗಿಲು ಅಂತಲೇ ಹೆಸರಿಟ್ಟೆ. ಕೆಲವು ವಾರಗಳಲ್ಲಿ ಹುಡುಕಿದರೆ ಪುಟ ಸಿಗತೊಡಗಿತು. ಅದಾದ ಮೇಲೆ ಒಂದು ಇಮೇಲ್ ಬಂತು. ಬಿತ್ತನೆ ಗೆಡ್ಡೆ ಕೊಳೆಯುತ್ತಿದೆ, ಏನು ಮಾಡಲಿ ಎಂದು ಕೇಳಿದ್ದವರು ಕೇರಳದ ಬತ್ತೇರಿ ಕಡೆಯ ರೈತ. ಗುಂಡ್ಲುಪೇಟೆ ಬಿಟ್ಟು ಕಾಡು ದಾಟಿದರೆ ಅವರ ಊರು! ಪ್ರಪಂಚಕ್ಕೆಲ್ಲ ಹಾಕಿದ ಪುಟ ಸಿಕ್ಕಿದ್ದು ಪಕ್ಕದವರಿಗೆ. ನನಗೆ ನಗು ತಡೆಯಲಾಗಲಿಲ್ಲ.

"ಬರ್ದು ಕಳಿಸ್ಬ್ಯಾಡ, ಇಲ್ಗೇ ಬರಕ್ಕೆ ಹೇಳು" ಎಂದರು ದೊಡ್ಡಪ್ಪ.

ಮುಂದಿನ ಭಾನುವಾರ ನಾನೂ ಊರಿಗೆ ಹೋಗಿದ್ದೆ. ಆ ರೈತ ಗುಂಡ್ಲುಪೇಟೆ ಬಸ್ಸಿಳಿದು ಬಂದು ಜಗುಲಿಯ ಮುಂದೆ ನಿಂತರು. ದೊಡ್ಡಪ್ಪ ಅವರನ್ನು ಕೂರಿಸಲೂ ಇಲ್ಲ, ಊರು ಕೇಳಲೂ ಇಲ್ಲ. ಕೈ ಹಿಡಿದುಕೊಂಡು ನೇರ ಹಿತ್ತಲಿಗೆ, ಗೆಡ್ಡೆಯ ರಾಶಿಯ ಹತ್ತಿರ ಕರೆದುಕೊಂಡು ಹೋದರು. ನೀರಿನ ಚೊಂಬು ಹಿಡಿದು ಹಿಂದೆ ಓಡಿದ್ದು ನಾನು.