ಹನ್ನೆರಡು ಗಾಡಿಗಳ ಸರದಿ

ಶಿರಾದ ಗೋದಾಮೊಂದರಲ್ಲಿ ಹನ್ನೆರಡು ಎಲೆಕ್ಟ್ರಿಕ್ ಗಾಡಿಗಳಿಗೆ ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕುತ್ತಿದ್ದೆ. ಎಲ್ಲವನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರೆ ಇರುವ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ಹೊಸದೇ ಬೇಕೆಂದು ಬರೆಯಲು ಹೊರಟೆ. ಮೊದಲು ಕುರಿ ಕಾಯುತ್ತಿದ್ದ ಕಾವಲಿನ ಅಜ್ಜ ಪಕ್ಕದಲ್ಲೇ ಕೂತು ನಾನು ಗೊಣಗುತ್ತಿದ್ದ ಲೆಕ್ಕ ಕೇಳುತ್ತಿದ್ದರು.

“ತೊಟ್ಟಿ ಸಣ್ಣದಿದ್ರೆ ಎಲ್ಲಾ ಕುರೀನೂ ಒಂದೇ ಸಲ ನೀರಿಗೆ ಬುಡ್ತಾರಾ ಸಾರ್? ದೂರ ಹೋಗೋವು ಮೊದ್ಲು ಕುಡೀಲಿ,” ಅಂದರು.

ಇಷ್ಟು ಓದಿಯೂ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ದೂರದ ಪಾವಗಡಕ್ಕೆ ಹೋಗುವ ಗಾಡಿಗಳು ಮೊದಲು, ಮಧುಗಿರಿಯವು ಆಮೇಲೆ, ಊರೊಳಗಿನವು ಕೊನೆಗೆ ಎಂದು ಸರದಿ ಬರೆದೆ. ಇದ್ದ ಟ್ರಾನ್ಸ್‌ಫಾರ್ಮರೇ ಸಾಕಾಯಿತು.

ಮೊನ್ನೆ ಹೋದಾಗ ಅಜ್ಜ ಚಾರ್ಜಾದ ಗಾಡಿಯ ವೈರು ಬಿಚ್ಚಿ, ಅದರ ಬೆನ್ನು ತಟ್ಟಿ, “ಹೊಟ್ಟೆ ತುಂಬ್ತೇನವ್ವ?” ಎನ್ನುತ್ತಿದ್ದರು. ನನ್ನನ್ನು ಕಂಡು ನಾಚಿ ಕೈ ಹಿಂದಕ್ಕೆಳೆದುಕೊಂಡರು. ನಾನು ಏನೂ ಕೇಳಿಸದವನಂತೆ ಮೀಟರು ನೋಡುತ್ತ ನಿಂತೆ.